ಜೀರ್ಣೋದ್ಧಾರವಾಗದ ತಂಡ

ಹಳೆಯ ದೇವಾಲಯದ ಜೀರ್ಣೋದ್ಧಾರವನ್ನು ಕೈಗೊಳ್ಳುವವರು ಗರ್ಭಗುಡಿಯ ಕಲ್ಲನ್ನು ಕೀಳುವ ಮುನ್ನ ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ ತರುತ್ತಾರೆ. ಕೆಲಸ ಎಷ್ಟು ವರ್ಷ ಹಿಡಿದರೂ ಭಕ್ತನಿಗೆ ಕೈಮುಗಿಯಲು ಒಂದು ಸ್ಥಳ ಉಳಿದಿರುತ್ತದೆ. ಅಮೆರಿಕದ ಬೇಸ್‌ಬಾಲ್ ತಂಡಗಳ ಮಾಲೀಕರಿಗೂ ಜೀರ್ಣೋದ್ಧಾರದ ಉತ್ಸಾಹ ಬಹಳ. ಬಾಲಾಲಯದ ಯೋಚನೆ ಮಾತ್ರ ಅವರಿಗೆ ಬಂದಂತಿಲ್ಲ. ಇದರ ಕಷ್ಟವನ್ನು ತಿಳಿಯಬೇಕಾದರೆ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ವಾಸಿಸುವ, ವೈಟ್ ಸಾಕ್ಸ್ ತಂಡಕ್ಕೆ ಮನಸ್ಸನ್ನು ಒಪ್ಪಿಸಿದ ಅಭಿಮಾನಿಯ ಮಾತನ್ನು ಕೇಳಬೇಕು.

ಬೇಸ್‌ಬಾಲ್ ನಮ್ಮವರಿಗೆ ಪರಿಚಿತವಾದ ಕ್ರಿಕೆಟ್ಟಿನ ದಾಯಾದಿ. ಚೆಂಡೆಸೆಯುವವನಿಗೆ ಅಲ್ಲಿ ಪಿಚರ್ ಎಂದು ಹೆಸರು. ಆಟದ ಅರ್ಧ ಭಾರ ಅವನ ತೋಳಿನ ಮೇಲೆ. 30 ತಂಡಗಳಿರುವ ಮುಖ್ಯ ಲೀಗಿನಲ್ಲಿ ಪ್ರತಿ ತಂಡವೂ ಆರೇ ತಿಂಗಳಲ್ಲಿ 162 ಆಟಗಳನ್ನಾಡಬೇಕು. ಎಂದರೆ ಬಹುತೇಕ ದಿನವೂ ಆಟ. ಸೋಲುವ ತಂಡವನ್ನು ಪ್ರೀತಿಸಿದವನಿಗೆ ಬಹುತೇಕ ದಿನವೂ ವ್ಯಥೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಕಡೆಯ ಸ್ಥಾನದಲ್ಲಿ ನಿಂತ ತಂಡವನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ. ಅಮೆರಿಕದವರ ನ್ಯಾಯ ಬೇರೆ. ಶಾಲೆ ಕಾಲೇಜುಗಳಿಂದ ಹೊರಬರುವ ಹೊಸ ಆಟಗಾರರನ್ನು ವರ್ಷಕ್ಕೊಮ್ಮೆ ಆರಿಸಿಕೊಳ್ಳುವಾಗ ಹೆಚ್ಚು ಸೋತವನಿಗೇ ಮೊದಲ ಮಣೆ. ದುರ್ಬಲನಿಗೆ ಆಸರೆಯಾಗಲೆಂದು ಮಾಡಿದ ಈ ಏರ್ಪಾಡಿನಲ್ಲಿ ಕೆಲವು ಚತುರರು ಬೇರೊಂದು ಅರ್ಥವನ್ನು ಕಂಡರು: ಅರೆಬರೆ ಸೋಲುವುದಕ್ಕಿಂತ ಪೂರ್ತಿಯಾಗಿ ಸೋಲುವುದೇ ಲಾಭಕರ. ಹೆಸರಾದ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಎಳೆಯ ಹುಡುಗರನ್ನು ಪಡೆದು, ಕೆಲವು ವರ್ಷ ಮಣ್ಣು ಮುಕ್ಕಿ, ಆಮೇಲೆ ಮೇಲೇಳುವುದು.

ಈ ವಿದ್ಯೆ ಫಲಿಸುವುದಿಲ್ಲವೆಂದು ದಕ್ಷಿಣದ ಅಭಿಮಾನಿ ಹೇಳಲಾರ. ಅದೇ ಊರಿನ ಉತ್ತರ ಭಾಗದಲ್ಲಿ ಕಬ್ಸ್ ಎಂಬ ಇನ್ನೊಂದು ತಂಡವಿದೆ. 2011ರ ಕೊನೆಯಲ್ಲಿ ಆ ತಂಡದ ಹೊಣೆ ಹೊತ್ತ ಥಿಯೋ ಎಪ್‌ಸ್ಟೀನ್ ಮರುವರ್ಷವೇ 101 ಸೋಲುಗಳನ್ನು ಕಂಡರು. ಆದರೆ 2016ರಲ್ಲಿ ಅದೇ ತಂಡ 103 ಆಟಗಳನ್ನು ಗೆದ್ದು, 1908ರಿಂದ ಕೈಗೆಟುಕದಿದ್ದ ವಿಶ್ವ ಸರಣಿಯನ್ನು ತನ್ನದಾಗಿಸಿಕೊಂಡಿತು. ನಗರದ ಒಂದು ದಿಕ್ಕಿನಲ್ಲಿ ದೀಪಾವಳಿ. ಅದಾದ ಮುಂದಿನ ತಿಂಗಳೇ ಇನ್ನೊಂದು ದಿಕ್ಕಿನವರು ತಾವೂ ಹಾಗೆಯೇ ಮಾಡುವುದಾಗಿ ಹೊರಟರು.

ಆಗ ಅವರಲ್ಲಿದ್ದ ರತ್ನವೆಂದರೆ ಕ್ರಿಸ್ ಸೇಲ್. ಕೋಲಿನಂತಹ ಮೈಕಟ್ಟು, ಚಾಟಿಯಂತೆ ಬೀಸುವ ಎಡದ ತೋಳು. 2016ರ ಡಿಸೆಂಬರಿನಲ್ಲಿ ಅವನನ್ನು ಬಾಸ್ಟನ್ನಿಗೆ ಕೊಟ್ಟು ನಾಲ್ವರು ಹುಡುಗರನ್ನು ತಂದರು. ಮರುದಿನ ಇನ್ನೊಬ್ಬನನ್ನು ವಾಷಿಂಗ್ಟನ್ನಿಗೆ ಕೊಟ್ಟು ಮೂವರನ್ನು ತಂದರು. ಮುಂದಿನ ಬೇಸಗೆಯಲ್ಲಿ ನೆರೆಮನೆಯ ಕಬ್ಸ್ ತಂಡದೊಡನೆಯೂ ವ್ಯಾಪಾರವಾಯಿತು. ಪತ್ರಿಕೆಗಳು ಹೊಗಳಿದವು. ಅಭಿಮಾನಿಯೂ ಒಪ್ಪಿದನು; ಕಹಿಯಾದರೂ ಔಷಧವಲ್ಲವೆ! 2017ರಲ್ಲಿ 95 ಸೋಲು, 2018ರಲ್ಲಿ 100, 2019ರಲ್ಲಿ 89. ಆ 2018ರಲ್ಲಿಯೇ ಬಾಸ್ಟನ್ ವಿಶ್ವ ಸರಣಿಯನ್ನು ಗೆದ್ದಿತು. ಆ ಸರಣಿಯ ಕಟ್ಟಕಡೆಯ ಚೆಂಡನ್ನೆಸೆದವನು ಸೇಲ್. ದಕ್ಷಿಣ ಷಿಕಾಗೋದವರು ಅದನ್ನು ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದರು.

ಮಾರುವುದು ಸುಲಭ, ಆಮೇಲಿನದೇ ಕಷ್ಟ ಎಂದು ಅಭಿಮಾನಿ ವಾದಿಸುವುದು ಇಲ್ಲಿಂದ ಮುಂದೆ. ತಂದ ಹುಡುಗನಿಗೆ ಕಲಿಸುವವರಾರು? ವಾಷಿಂಗ್ಟನ್ನಿನಿಂದ ಬಂದ ಲೂಕಸ್ ಜಿಯೊಲಿಟೊ ಎಂಬ ಪಿಚರ್ 2018ರಲ್ಲಿ ಇಡೀ ಲೀಗಿನಲ್ಲೇ ಕಳಪೆ ಎನಿಸಿಕೊಂಡನು. ಮರುವರ್ಷ ಅವನೇ ಆಯ್ದ ತಾರೆಯರ ಪಂದ್ಯದಲ್ಲಿ ಸ್ಥಾನ ಪಡೆದನು. ನಡುವೆ ಆದದ್ದೇನೆಂದರೆ, ತನ್ನ ಹೈಸ್ಕೂಲಿನ ದಿನಗಳ ಗುರು ಈಥನ್ ಕಾಟ್ಜ್ ಅವರ ಬಳಿಗೆ ಹೋಗಿ ತೋಳು ಬೀಸುವ ಕ್ರಮವನ್ನು ಅವನು ಮೊದಲಿನಿಂದ ತಿದ್ದಿಕೊಂಡನು. ಕೋಟಿಗಟ್ಟಲೆ ಡಾಲರುಗಳ ಸಂಸ್ಥೆಗೆ ಆಗದ ಕೆಲಸ ಒಬ್ಬ ಶಾಲಾ ಗುರುವಿಗೆ ಆಯಿತು! ಆ ಗುರುವನ್ನು ತಂಡ ತನ್ನಲ್ಲಿಗೆ ಕರೆದುಕೊಂಡದ್ದು 2020ರ ಕೊನೆಯಲ್ಲಿ. ಉತ್ತರದವರ ಕಥೆ ಹೀಗಿರಲಿಲ್ಲ. ಬಾಲ್ಟಿಮೋರಿನವರು ಪ್ರಯೋಜನವಿಲ್ಲವೆಂದು ಬಿಟ್ಟುಕೊಟ್ಟ ಜೇಕ್ ಅರಿಯೆಟಾ ಎಂಬುವನನ್ನು 2013ರಲ್ಲಿ ತಂದು, ಅವನ ಸಹಜವಾದ ಎಸೆತಕ್ಕೆ ಅವನನ್ನು ಬಿಟ್ಟರು. ಎರಡು ವರ್ಷಗಳಲ್ಲಿ ಅವನು ಲೀಗಿನ ಅತ್ಯುತ್ತಮ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದನು.

ಹಣದ ಮಾತೂ ಇದೆ. ಬೆಳೆ ಕೊಯ್ಲಿಗೆ ಬಂದಾಗ ಆಳಿಗೆ ಕೂಲಿ ಕೊಡಲು ಹಿಂಜರಿಯುವ ಒಕ್ಕಲಿಗನುಂಟೆ? ತಮ್ಮ ಹುಡುಗರು ಬಲಿಯುತ್ತಿದ್ದಾರೆಂದು ತಿಳಿದೊಡನೆ ಕಬ್ಸ್ 2014ರ ಡಿಸೆಂಬರಿನಲ್ಲಿ ಜಾನ್ ಲೆಸ್ಟರ್ ಎಂಬ ಅನುಭವಿ ಪಿಚರನಿಗೆ ಆರು ವರ್ಷಕ್ಕೆ 15.5 ಕೋಟಿ ಡಾಲರುಗಳನ್ನು ಕೊಟ್ಟಿತು. ವೈಟ್ ಸಾಕ್ಸ್ 2019ರಲ್ಲಿ ಮ್ಯಾನಿ ಮಚಾಡೋ ಎಂಬ ಮಹಾ ದಾಂಡಿಗನ ಹಿಂದೆ ಬಿದ್ದಿತು. ಅವನು 30 ಕೋಟಿ ಡಾಲರುಗಳನ್ನಿತ್ತ ಸ್ಯಾನ್ ಡಿಯೇಗೋದವರ ಪಾಲಾದನು. ವೈಟ್ ಸಾಕ್ಸ್ ಚರಿತ್ರೆಯ ಅತಿ ದೊಡ್ಡ ಕರಾರು ನಾಲ್ಕು ವರ್ಷಗಳ ಅನಂತರ ಆಯಿತು. ಅದರ ಮೊತ್ತ 7.5 ಕೋಟಿ.

ಆದರೂ ಫಲ ಬರುವಂತೆ ಕಂಡಿತು. 2021ರಲ್ಲಿ ತಂಡ 93 ಆಟಗಳನ್ನು ಗೆದ್ದು ತನ್ನ ವಿಭಾಗದಲ್ಲಿ ಪ್ರಥಮವಾಯಿತು. ಆದರೆ ಅದಕ್ಕೆ ಹಿಂದೆಯೇ, ತಂಡ ಇನ್ನೇನು ಮಾಗಲಿದ್ದಾಗ, 1981ರಿಂದ ಮಾಲೀಕರಾಗಿರುವ ಜೆರ್ರಿ ರೈನ್ಸ್‌ಡಾರ್ಫ್ ತಮ್ಮ ಹಳೆಯ ಗೆಳೆಯರೂ ಬಹಳ ಹಿಂದೆ ಅದೇ ತಂಡದಿಂದ ಹೊರಹಾಕಲ್ಪಟ್ಟವರೂ ಆದ ಟೋನಿ ಲಾ ರೂಸಾ ಅವರನ್ನು 76ನೆಯ ವಯಸ್ಸಿನಲ್ಲಿ ಮ್ಯಾನೇಜರಾಗಿ ಕರೆತಂದಿದ್ದರು. ಹಳೆಯ ಋಣವನ್ನು ತೀರಿಸುವುದು ಒಳ್ಳೆಯ ಗುಣವೇ. ಆದರೆ ಅದಕ್ಕೆ ಬೇಕಾದ ಹಣವನ್ನು ಅಭಿಮಾನಿಯ ಗಂಟಿನಿಂದ ತೆಗೆಯಬಹುದೆ ಎಂಬುದು ಅಲ್ಲಿನವರ ಪ್ರಶ್ನೆ. ಹುಡುಗರು ಒಬ್ಬರಾದ ಮೇಲೊಬ್ಬರು ಗಾಯಗೊಂಡರು. ಲಾ ರೂಸಾ ಅನಾರೋಗ್ಯದಿಂದ ನಿವೃತ್ತರಾದರು. 2023ರಲ್ಲಿ 101 ಸೋಲು.

ಆಮೇಲೆ ಬಂದದ್ದು 2024. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಸತತವಾಗಿ 21 ಸೋಲು. ಸೆಪ್ಟೆಂಬರಿನಲ್ಲಿ ಲೆಕ್ಕ 120ಕ್ಕೆ ಏರಿತು. 1962ರಲ್ಲಿ ಹೊಸದಾಗಿ ಹುಟ್ಟಿದ್ದ ನ್ಯೂಯಾರ್ಕ್ ಮೆಟ್ಸ್ ತಂಡದ ಅಪಕೀರ್ತಿಗೆ ಸಮನಾಯಿತು. ಇನ್ನೊಂದು ಸೋತರೆ 1900ರ ಅನಂತರದ ಚರಿತ್ರೆಯಲ್ಲಿ ಅದಕ್ಕಿಂತ ಕೆಳಗಿನವರಿಲ್ಲ. ಆ ಸೋಲನ್ನು ಕಣ್ಣಾರೆ ಕಾಣಲೆಂದೇ ಕೆಲವರು 24ನೆಯ ತಾರೀಖಿನ ರಾತ್ರಿ 35ನೆಯ ಬೀದಿಯ ಕ್ರೀಡಾಂಗಣಕ್ಕೆ ಬಂದರು. ತಂಡವನ್ನು ಮಾರಿಬಿಡಿ, ಮಾರಿಬಿಡಿ ಎಂಬ ಕೂಗು ಮೆಟ್ಟಿಲುಗಳಿಂದ ಎದ್ದಿತು. ಎಂಟನೆಯ ಸರದಿಯವರೆಗೆ ಹಿಂದೆ ಬಿದ್ದಿದ್ದ ತಂಡ ಮೂರು ಓಟಗಳನ್ನು ಗಳಿಸಿ ಅಂದು ಗೆದ್ದೇಬಿಟ್ಟಿತು! ಅಂತಹ ತಂಡ, ಸೋಲಲು ಬೇಕಾದಾಗ ಸೋಲುವುದೂ ಇಲ್ಲ. ತವರಿನ ಕೊನೆಯ ಮೂರು ಆಟಗಳನ್ನೂ ಗೆದ್ದು, 121ನೆಯ ಸೋಲನ್ನು ಡೆಟ್ರಾಯಿಟಿಗೆ ಹೋಗಿ ಸಂಪಾದಿಸಿತು. ಅದೇ ವರ್ಷ ಕ್ರಿಸ್ ಸೇಲ್ ತನ್ನ 35ನೆಯ ವಯಸ್ಸಿನಲ್ಲಿ, ಅಟ್ಲಾಂಟಾ ತಂಡದಲ್ಲಿ, ಸೈ ಯಂಗ್ ಪ್ರಶಸ್ತಿಯನ್ನು ಪಡೆದನು.

ಇಷ್ಟು ಸೋತದ್ದಕ್ಕೆ ಮೊದಲ ಮಣೆಯಾದರೂ ಸಿಕ್ಕಿತೆ? ಅದೂ ಇಲ್ಲ. ಬೇಕೆಂದೇ ಸೋಲುವವರನ್ನು ತಡೆಯಲು 2022ರ ಒಪ್ಪಂದದಲ್ಲಿ ಮೊದಲ ಆರು ಸ್ಥಾನಗಳಿಗೆ ಚೀಟಿ ಎತ್ತುವ ನಿಯಮವನ್ನು ತಂದಿದ್ದರು; ದೊಡ್ಡ ನಗರದ ಶ್ರೀಮಂತ ತಂಡಕ್ಕೆ ಸತತ ಎರಡು ವರ್ಷ ಅದರಲ್ಲಿ ಪಾಲಿಲ್ಲ. ಹೀಗಾಗಿ ಅತಿ ಹೆಚ್ಚು ಸೋತ ತಂಡ 2025ರಲ್ಲಿ ಹತ್ತನೆಯದಾಗಿ ಆರಿಸಿಕೊಳ್ಳಬೇಕಾಯಿತು.

2024ರ ಡಿಸೆಂಬರಿನಲ್ಲಿ ತಂಡದ ಶ್ರೇಷ್ಠ ಪಿಚರ್ ಗ್ಯಾರೆಟ್ ಕ್ರೋಷೆಯನ್ನು ಬಾಸ್ಟನ್ನಿಗೆ ಕೊಟ್ಟು ನಾಲ್ವರು ಹುಡುಗರನ್ನು ತಂದರು. ಎಂಟು ವರ್ಷಗಳ ಹಿಂದಿನ ಅದೇ ತಿಂಗಳು, ಅದೇ ಊರು, ಅದೇ ಎಡಗೈ, ಅದೇ ನಾಲ್ಕರ ಸಂಖ್ಯೆ. 2016ರಲ್ಲಿ ತಂದೆಯ ಕೈಹಿಡಿದು ಆಟಕ್ಕೆ ಬರುತ್ತಿದ್ದ ಎಂಟರ ಬಾಲಕ ಈಗ ಹದಿನಾರರ ತರುಣ. ಅವನ ಬಾಲ್ಯವೆಲ್ಲ ಮೊದಲನೆಯ ಜೀರ್ಣೋದ್ಧಾರದಲ್ಲಿ ಕಳೆದುಹೋಯಿತು. ತಾಳ್ಮೆಯಿಂದಿರು ಎಂದು ಅವನಿಗೆ ಹೇಳುವ ಮುಖ ತಂದೆಗಿಲ್ಲ.

ಆದರೂ ಆ ಜನ ಬಿಟ್ಟುಹೋಗುವುದಿಲ್ಲ. 2025ರ ಮೇ ತಿಂಗಳಲ್ಲಿ ಪೋಪ್ ಪದವಿಗೇರಿದ ಹದಿನಾಲ್ಕನೆಯ ಲಿಯೋ ಅವರೂ ಈ ತಂಡದ ಅಭಿಮಾನಿಯೇ. 88 ವರ್ಷಗಳ ಬಳಿಕ ತಂಡ ಗೆದ್ದ 2005ರ ವಿಶ್ವ ಸರಣಿಯಲ್ಲಿ ಅವರು ಪ್ರೇಕ್ಷಕರ ನಡುವೆ ಕುಳಿತಿದ್ದ ಚಿತ್ರ ಲೋಕವನ್ನೆಲ್ಲ ಸುತ್ತಿತು. ಅಂತಹವರ ಪ್ರಾರ್ಥನೆ ಇದ್ದೂ ಆ ವರ್ಷ 102 ಸೋಲು. ಆದರೆ ಈ ಬಾರಿಯ ಹುಡುಗರಲ್ಲಿ ಕೆಲವರು ಆಡಬಲ್ಲರೆಂದು ಅಭಿಮಾನಿಗೆ ತೋರಿದೆ. ತಂಡ ತಾನೇ ಆರಿಸಿ ಬೆಳೆಸಿದ ಕೋಲ್ಸನ್ ಮಾಂಟ್‌ಗೊಮೆರಿ ಅರ್ಧ ಋತುವಿನಲ್ಲೇ 21 ಬಾರಿ ಚೆಂಡನ್ನು ಬೇಲಿಯಾಚೆ ಹೊಡೆದನು. ಅವನಿಗೂ ಕಲಿಸುವವರಿದ್ದಾರೆಯೆ, ಅವನು ಬಲಿತಾಗ ಹಣ ಬಿಚ್ಚುವವರಿದ್ದಾರೆಯೆ ಎಂದಷ್ಟೆ ಅಭಿಮಾನಿ ಕೇಳುತ್ತಾನೆ. 2025ರ ಜೂನಿನಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ, ರೈನ್ಸ್‌ಡಾರ್ಫ್ ಮನಸ್ಸು ಮಾಡಿದರೆ 2029ರಿಂದ 2033ರೊಳಗೆ ತಂಡ ಜಸ್ಟಿನ್ ಇಷ್‌ಬಿಯಾ ಎಂಬ ಧನಿಕರ ಕೈಸೇರಬಹುದು. ಇಲ್ಲವಾದರೆ 2034ರ ಋತು ಮುಗಿದ ಬಳಿಕ ಅದನ್ನು ಕೊಳ್ಳುವ ಹಕ್ಕು ಇಷ್‌ಬಿಯಾ ಅವರದು. ಆ ವೇಳೆಗೆ ಎಂಟರ ಬಾಲಕನಾಗಿದ್ದವನಿಗೆ ಇಪ್ಪತ್ತಾರು ತುಂಬಿರುತ್ತದೆ.