ಕಡತ ಕೆಟ್ಟಿಲ್ಲ, ಕೆಟ್ಟಿರುವುದು ನಮ್ಮ ಪಾಠನಿಷ್ಠೆ

ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಕನ್ನಡದಲ್ಲಿ ಬೆರಳಚ್ಚಾದ ಮಹಾಪ್ರಬಂಧವನ್ನೋ ಸಂಪಾದಿತ ಕಾವ್ಯದ ಅಚ್ಚುಪ್ರತಿಯನ್ನೋ ಇಂದಿನ ಗಣಕದಲ್ಲಿ ತೆರೆಯಹೊರಟವರಿಗೆ ಮೂರು ಬಗೆಯ ತೊಡಕು ಎದುರಾಗುತ್ತದೆ. ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಗಣಕವೇ ಮರುಪ್ರಶ್ನೆ ಹಾಕುತ್ತದೆ. ಇಲ್ಲವೆ ಸಂಬಂಧವಿಲ್ಲದ ತಂತ್ರಾಂಶವೊಂದು ಎದ್ದುನಿಂತು ದೋಷವೆಂದು ಸಾರುತ್ತದೆ. ಅದೂ ಅಲ್ಲದಿದ್ದರೆ ಪುಟತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಹರಡಿಕೊಳ್ಳುತ್ತವೆ. ಮೂರನ್ನೂ ಒಂದೇ ಎಂದು ಬಗೆದು ‘ಫೈಲ್ ಕೆಟ್ಟುಹೋಗಿದೆ’ ಎಂದು ತೀರ್ಪಿತ್ತು ಕೈತೊಳೆದುಕೊಳ್ಳುವುದು ನಮ್ಮ ವಿದ್ವತ್ ವಲಯದ ರೂಢಿಯಾಗಿದೆ. ಈ ತೀರ್ಪು ಬಹುಪಾಲು ಸುಳ್ಳು. ಕಡತವು ಇದ್ದಂತೆಯೇ ಇದೆ. ಅದನ್ನು ಓದುವ ಕ್ರಮವನ್ನು ನಾವು ಕೈಬಿಟ್ಟಿದ್ದೇವೆ.

ಮೊದಲೆರಡು ತೊಡಕುಗಳು ಹೆಸರಿಗೆ ಸಂಬಂಧಿಸಿದವು. ಕಡತದ ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಕೆಲವು ಅಕ್ಷರಗಳನ್ನು ನೋಡಿಯೇ ವಿಂಡೋಸ್ ಯಾವ ತಂತ್ರಾಂಶವನ್ನು ಕರೆಯಬೇಕೆಂದು ನಿರ್ಧರಿಸುತ್ತದೆ. ಒಳಗಿನ ಬರೆಹವನ್ನು ಪರಿಶೀಲಿಸುವುದಿಲ್ಲ. ನಮ್ಮ ಅನೇಕ ಪುಸ್ತಕಗಳು ರೂಪುಗೊಂಡದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಆ ತಂತ್ರಾಂಶವೇ ಇಲ್ಲದ ಗಣಕಕ್ಕೆ ‘ಪಿ65’ ಎಂಬ ಬಾಲ ಅರ್ಥವಾಗದಿರುವುದು ಸಹಜ. ‘ಓಪನ್ ವಿತ್’ ಎಂಬಲ್ಲಿಗೆ ಹೋಗಿ ತಕ್ಕ ತಂತ್ರಾಂಶವನ್ನು ಆರಿಸಿ ಅದನ್ನೇ ಕಾಯಂ ಮಾಡಿದರೆ ಈ ಬಗೆಯ ತೊಡಕು ತೀರುತ್ತದೆ. ಪೇಜ್‌ಮೇಕರಿನ ಹಲವು ಕಡತಗಳನ್ನು ಉಚಿತವಾದ ಲಿಬ್ರೆ ಆಫೀಸ್ ಕೂಡ ತೆರೆಯಬಲ್ಲುದು. ಆದರೆ ಬಾಲವನ್ನು ತಿದ್ದಿದರೆ ಒಡಲೂ ಬದಲಾಗುತ್ತದೆಂಬ ಭ್ರಮೆ ಬೇಡ. ‘ಡಾಕ್’ ಎಂಬುದು ವರ್ಡ್‌ನ ಹಳೆಯ ಕಡತರೂಪ. ‘ಡಾಕ್ಸ್’ 2007ರ ಆವೃತ್ತಿಯೊಡನೆ ಬಂದ, ಒಳರಚನೆಯಲ್ಲೇ ಬೇರೆಯಾದ ಕಟ್ಟು. ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸುವುದು ಕಟ್ಟಿನ ಮೇಲಿನ ಚೀಟಿಯನ್ನು ಬದಲಿಸಿ ಒಳಗಿನ ಗ್ರಂಥವೂ ಬದಲಾಯಿತೆಂದು ನಂಬಿದಂತೆ.

ಮೂರನೆಯ ತೊಡಕು ನಿಜವಾದದ್ದು. ‘ಓಪನ್ ವಿತ್’ ಎಂಬ ಔಷಧ ಅಲ್ಲಿ ನಾಟುವುದಿಲ್ಲ. ನುಡಿ, ಶ್ರೀಲಿಪಿಗಳಂತಹ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡವು ಕನ್ನಡವಾಗಿ ಉಳಿದಿಲ್ಲ. ನುಡಿಯಲ್ಲಿ ‘ಕ’ ಎಂದು ಕಾಣುವುದು ವಾಸ್ತವದಲ್ಲಿ ರೋಮನ್ನಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’ ಎಂಬ ಎರಡು ಸಂಕೇತಗಳು. ಅಕ್ಷರಶೈಲಿ ಇರುವವರೆಗೆ ಅದು ಕನ್ನಡದ ವೇಷ. ಶೈಲಿ ತಪ್ಪಿದೊಡನೆ ವೇಷ ಕಳಚುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ತನ್ನದೇ ಸ್ಥಾನ ದೊರೆತದ್ದು 1991ರಲ್ಲಿ. ಆ ಬಳಿಕ ದಶಕಗಳು ಉರುಳಿದರೂ ಹಳೆಯ ವೇಷದಲ್ಲೇ ಗ್ರಂಥಗಳನ್ನು ಸಿದ್ಧಪಡಿಸುತ್ತ ಬಂದವರು ನಾವು.

‘ಪಿಡಿಎಫ್ ಇದೆಯಲ್ಲ, ಸಾಲದೆ?’ ಎಂಬುದು ವಿದ್ವಾಂಸರ ಸಿದ್ಧ ಸಮಾಧಾನ. ಸಾಲದು. ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಗಣಕಕ್ಕೆ ರೋಮನ್. ಅದರಿಂದ ಒಂದು ಪದ್ಯವನ್ನು ಎತ್ತಿಕೊಂಡರೆ ಕೈಗೆ ಬರುವುದು ಅದೇ ಅರ್ಥಹೀನ ಅಕ್ಷರಗಳು. ಅದರಲ್ಲಿ ಒಂದು ಪದವನ್ನು ಹುಡುಕಿದರೆ ಇದ್ದೂ ಇಲ್ಲವೆಂಬ ಉತ್ತರ. ಸಂಶೋಧನ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನೂ ಸಲ್ಲಿಸಬೇಕೆಂದು 2009ರಲ್ಲೇ ಯುಜಿಸಿ ವಿಧಿಸಿತು. ಪ್ರತಿಯೇನೋ ಸಲ್ಲುತ್ತದೆ. ಆದರೆ ಪದಪ್ರಯೋಗದ ಇತಿಹಾಸವನ್ನು ಅರಸುವ ವಿದ್ಯಾರ್ಥಿಗೆ ಹುಡುಕಲು ಬಾರದ ಪ್ರಬಂಧವು ಬೀಗ ಜಡಿದ ಭಂಡಾರವಲ್ಲದೆ ಮತ್ತೇನು?

‘ಪರಿವರ್ತಕ ತಂತ್ರಾಂಶಗಳಿವೆ, ಡಿಟಿಪಿಯವರು ಮಾಡಿಕೊಡುತ್ತಾರೆ’ ಎಂಬುದು ಇನ್ನೊಂದು ವಾದ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಪರಿವರ್ತನೆಯು ಗುಮಾಸ್ತಿಕೆಯಲ್ಲ, ಗ್ರಂಥಸಂಪಾದನೆ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಬಲಕ್ಕೆ ಕಾಣುತ್ತದೆ. ಹಳೆಯ ಕ್ರಮ ಅದನ್ನು ಕಂಡಂತೆಯೇ ಕೊನೆಗಿಡುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮೊದಲು ಬರಬೇಕು. ಪರಿವರ್ತಕ ಎಡವಿದರೆ ಪದವೇ ಬೇರೆ. ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡವೆಂದು ಭ್ರಮಿಸಿ ಕಲಸುಮೇಲೋಗರ ಮಾಡೀತು. ಱ, ೞ ಉಳಿದಿವೆಯೇ, ಪ್ರಸ್ತಾರದ ಗುರುಲಘು ಚಿಹ್ನೆಗಳು ತಮ್ಮ ಸ್ಥಾನದಲ್ಲಿವೆಯೇ ಎಂದು ನೋಡುವವರು ಯಾರು? ಹಳಗನ್ನಡ ಬಲ್ಲವರೇ ನೋಡಬೇಕು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ಪುಟಗಟ್ಟಲೆ ಚರ್ಚಿಸುವ ನಾವು, ಗಣಕ ಹುಟ್ಟಿಸುವ ಪಾಠದೋಷವನ್ನು ನಮ್ಮ ಶಾಸ್ತ್ರದ ಹೊರಗಿಟ್ಟಿರುವುದು ಯಾವ ನ್ಯಾಯ?

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅದನ್ನು ಕೇವಲ ಔದಾರ್ಯವೆಂದು ಕೊಂಡಾಡಿ ಮುಂದೆ ಸಾಗುತ್ತೇವೆ. ಗ್ರಂಥ ಉಳಿಯುವುದು ಪೆಟ್ಟಿಗೆಯಲ್ಲಿ ಕೂಡಿಟ್ಟುದರಿಂದಲ್ಲ, ಮತ್ತೆ ಮತ್ತೆ ಓದಿ ಬರೆದುದರಿಂದ ಎಂಬ ಅರಿವು ಅದರಲ್ಲಿದೆ. ಸಿಡಿಯೊಂದನ್ನು ಕಪಾಟಿನಲ್ಲಿಟ್ಟು ‘ಸಂರಕ್ಷಿಸಲಾಗಿದೆ’ ಎಂದು ಬರೆದುಕೊಳ್ಳುವವರಿಗೆ ಆ ಅರಿವಿಲ್ಲ.

ಆಗಬೇಕಾದದ್ದು ಬೆಟ್ಟದಷ್ಟೇನಲ್ಲ. ವಿಶ್ವವಿದ್ಯಾಲಯಗಳು ಪಿಡಿಎಫ್ ಜೊತೆಗೆ ಯೂನಿಕೋಡಿನ ಸರಳ ಪಠ್ಯವನ್ನೂ ಕಡ್ಡಾಯವಾಗಿ ಪಡೆಯಲಿ. ಪ್ರಕಾಶಕರು ಹಳೆಯ ಕಡತಗಳನ್ನು ಅಳಿಸದೆ, ಯಾವ ತಂತ್ರಾಂಶ, ಯಾವ ಅಕ್ಷರಶೈಲಿ ಎಂಬ ವಿವರವನ್ನು ಜೊತೆಗಿಡಲಿ. ಪರಿವರ್ತಿಸಿದವರು ಮೂಲ ಕಡತವನ್ನು ಮುಟ್ಟದೆ ಉಳಿಸಿ, ತಿದ್ದಿದ್ದನ್ನು ದಾಖಲಿಸಲಿ. ಸಂಶೋಧನ ವಿಧಾನದ ಪಠ್ಯಕ್ರಮದಲ್ಲಿ ಹಸ್ತಪ್ರತಿಶಾಸ್ತ್ರದ ಪಕ್ಕದಲ್ಲೇ ಇದಕ್ಕೊಂದು ಪಾಠವಿರಲಿ. ಇಷ್ಟನ್ನೂ ಮಾಡದೆ ‘ಫೈಲ್ ಕೆಟ್ಟಿದೆ’ ಎನ್ನುವ ಸಂಶೋಧಕನಿಗೂ, ತಿಗಳಾರಿ ಲಿಪಿ ಓದಲಾರದೆ ಓಲೆಗರಿ ಕೆಟ್ಟಿದೆ ಎನ್ನುವವನಿಗೂ ಭೇದವಿಲ್ಲ.