ಸಂಘದ ಮೀಟರು ಯಾರ ಲೆಕ್ಕಕ್ಕೆ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಕನ್ನಡ ಸಂಘಗಳು, ಅವು ನಡೆಸುವ ಶಾಲೆಗಳು, ಸಮಾಜದ ಸಭಾಭವನಗಳು, ದೇವಸ್ಥಾನ ಮಂಡಳಿಗಳು ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಜೊತೆಗೆ ವರ್ಷವಿಡೀ ಬಳಸಿದ ವಿದ್ಯುತ್ತಿನ ಯೂನಿಟ್ಟನ್ನೂ ಓದಿ ಹೇಳಬೇಕು. ಮುಂದಿನ ವರ್ಷ ಇಷ್ಟು ಇಳಿಸುತ್ತೇವೆಂದು ಠರಾವು ಮಾಡಬೇಕು. ನಾನು ಮುಂದಿಟ್ಟದ್ದು ಇಷ್ಟೇ. ಅದಕ್ಕೆ ಬಂದ ವಿರೋಧ ಮಾತ್ರ ಗಟ್ಟಿಯಾಗಿಯೇ ಇತ್ತು. ವಿರೋಧಿಸಿದವರಲ್ಲಿ ಸಂಘಕ್ಕಾಗಿ ಜೀವ ತೇಯ್ದ ಹಿರಿಯರಿದ್ದಾರೆ. ಅವರ ಮಾತಿಗೆ ಸುಮ್ಮನಿದ್ದುಬಿಡುವುದು ಅಗೌರವ. ಆದ್ದರಿಂದ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

ಮೊದಲನೆಯ ಮಾತು: ಬೇಸಿಗೆ ಎಂದ ಮೇಲೆ ಸೆಕೆ, ಮಳೆಗಾಲ ಎಂದ ಮೇಲೆ ನೆರೆ, ಇದರಲ್ಲಿ ಹೊಸತೇನು?

2023ರ ಏಪ್ರಿಲ್ 16ರಂದು ಖಾರ್‌ಘರ್‌ನ ಮೈದಾನದಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆ ಲಕ್ಷಾಂತರ ಜನ ಸೇರಿದ್ದರು. ಬಿಸಿಲಿನ ಹೊಡೆತಕ್ಕೆ 14 ಮಂದಿ ತೀರಿಕೊಂಡರು. ನೆರಳಿಲ್ಲದೆ ಜನರನ್ನು ಕೂರಿಸಿದ್ದೂ ಕಾರಣವೇ, ಒಪ್ಪುತ್ತೇನೆ. ಆದರೆ ಆ ತಿಂಗಳು ಭಾರತ ಮತ್ತು ಬಾಂಗ್ಲಾದೇಶವನ್ನು ಬೇಯಿಸಿದ ಒದ್ದೆ ಸೆಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಭೂಮಿ ಬಿಸಿಯಾದದ್ದರಿಂದ ಅಂಥ ಸೆಕೆಯ ಸಂಭವ ಕನಿಷ್ಠ 30 ಪಟ್ಟು ಹೆಚ್ಚಿದೆ ಎಂದು ಲೆಕ್ಕ ಕೊಟ್ಟರು. ಮಳೆಯ ಮಾತೂ ಹಾಗೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು, ಉಲ್ಹಾಸ ನದಿ ಕಲ್ಯಾಣ, ಬದ್ಲಾಪುರಗಳ ಮನೆಗಳಿಗೆ ನುಗ್ಗಿತು. ಒಂದು ದಿನದ ಮಳೆಯಿಂದ ಏನನ್ನೂ ಸಾಧಿಸಲಾಗದು ಎಂಬುದು ಸರಿ. ಅದಕ್ಕೇ ದೀರ್ಘ ಲೆಕ್ಕ ನೋಡಬೇಕು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 1950ರಿಂದ 2015ರವರೆಗಿನ ದಾಖಲೆ ಜಾಲಾಡಿ, ಮಧ್ಯ ಭಾರತದ ಪಟ್ಟಿಯಲ್ಲಿ ವ್ಯಾಪಕ ಅತಿವೃಷ್ಟಿ ಮೂರು ಪಟ್ಟಾಗಿದೆ ಎಂದು 2017ರಲ್ಲಿ ತೋರಿಸಿದರು.

ಹಾಗೆ ನೋಡಿದರೆ ಜನರಿಗೆ ನಂಬಿಕೆಯ ಕೊರತೆಯಿಲ್ಲ. ಯೇಲ್ ವಿಶ್ವವಿದ್ಯಾಲಯ ಮತ್ತು ಸಿ-ವೋಟರ್ 2021-22ರಲ್ಲಿ ದೇಶಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 54 ಶೇಕಡಾ ಜನ ಭೂಮಿ ಬಿಸಿಯಾಗುವ ವಿಷಯ ತಮಗೆ ಅಲ್ಪಸ್ವಲ್ಪ ಗೊತ್ತು ಇಲ್ಲವೇ ಕೇಳಿಯೇ ಇಲ್ಲ ಎಂದರು. ಆದರೆ ಎರಡು ಮಾತಿನಲ್ಲಿ ವಿವರಿಸಿದೊಡನೆ 84 ಶೇಕಡಾ ಜನ ಹೌದು, ಭೂಮಿ ಬಿಸಿಯಾಗುತ್ತಿದೆ ಎಂದು ಒಪ್ಪಿದರು. ಒಪ್ಪಿದ ಮೇಲೆ ಏನು ಮಾಡಬೇಕು, ಯಾರು ಮಾಡಬೇಕು ಎಂಬಲ್ಲಿಗೆ ಬಂದಾಗ ಎಲ್ಲರೂ ಪಕ್ಕದವನ ಮುಖ ನೋಡುತ್ತೇವೆ.

ಎರಡನೆಯದು: ಅಮೆರಿಕದವರು ಮೊದಲು ಕಡಿಮೆ ಮಾಡಲಿ. ನ್ಯಾಯವಾದ ಮಾತು. ಅಲ್ಲಿಯ ಒಬ್ಬ ವ್ಯಕ್ತಿಯ ಪಾಲಿನ ಇಂಗಾಲ ನಮ್ಮವನದಕ್ಕಿಂತ ಆರೇಳು ಪಟ್ಟು ಹೆಚ್ಚು. ನಮ್ಮದು ತಲೆಗೆ ವರ್ಷಕ್ಕೆ ಸುಮಾರು 2 ಟನ್. ದೆಹಲಿಯಿಂದ ಹೋಗುವ ಪ್ರತಿನಿಧಿಗಳು ಲೋಕದ ಸಭೆಗಳಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಲಿ. ಆದರೆ ಖಾಲಿ ಸಭಾಂಗಣದಲ್ಲಿ ಏಸಿ ಓಡುತ್ತಿರುವುದಕ್ಕೆ ಈ ವಾದ ಸಮರ್ಥನೆಯಾಗದು. ಇಲ್ಲಿ ಹೊಗೆ ಕಾಣುವುದಿಲ್ಲ ಎಂದರೆ ಹೊಗೆ ಇಲ್ಲವೆಂದಲ್ಲ, ಅದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿರುವ ಚಂದ್ರಪುರದವರ ಪಾಲಿಗೆ ಹೋಗಿದೆ. ನಮ್ಮಲ್ಲಿ ಎಷ್ಟೋ ಮಂದಿಯ ಊರುಮನೆ ಪಡುಬಿದ್ರಿಯ ಆಸುಪಾಸಿನಲ್ಲಿದೆ. ಎಲ್ಲೂರಿನ ಕಲ್ಲಿದ್ದಲು ಸ್ಥಾವರದ ಹಾರುಬೂದಿ ಗದ್ದೆಗೆ, ಬಾವಿಗೆ ಬಿದ್ದಾಗ ಊರವರು ಪಟ್ಟ ಪಾಡನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಶದ ವಿದ್ಯುತ್ ಜಾಲದಿಂದ ಪಡೆಯುವ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ.

ಮೂರನೆಯದು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಆಕ್ಷೇಪ. ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲಿನ ಬಾಗಿಲಿಗೆ ನೇತುಬಿದ್ದು ಹೋಗುವವನ ಮುಂದೆ ಉಳಿತಾಯದ ಪಾಠವೇ? ಅವನು ಉರಿಸುವುದಾದರೂ ಎಷ್ಟು?

ಈ ಮಾತು ನನ್ನ ಪಕ್ಷದ್ದೇ. ಅವನನ್ನು ನಾನು ಕೇಳುತ್ತಿಲ್ಲ, ಸಂಸ್ಥೆಯನ್ನು ಕೇಳುತ್ತಿದ್ದೇನೆ. ಅವನು ಹೋಗುವ ಲೋಕಲನ್ನೇ ನೋಡೋಣ. 2007ರಿಂದ ಮುಂಬಯಿಗೆ ಬರತೊಡಗಿದ ಹೊಸ ರೇಕುಗಳು ಬ್ರೇಕು ಹಾಕಿದಾಗ ಮೋಟರನ್ನೇ ಜನರೇಟರಾಗಿಸಿ, ಬಳಸಿದ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗವನ್ನು ಮೇಲಿನ ತಂತಿಗೆ ಮರಳಿಸುತ್ತವೆ. ಪ್ರಯಾಣಿಕರಿಗೆ ಯಾರೂ ಉಪದೇಶ ಮಾಡಲಿಲ್ಲ, ಯಾರ ಮನಃಪರಿವರ್ತನೆಗೂ ಕಾಯಲಿಲ್ಲ. ರೈಲ್ವೆ ನಿರ್ಧರಿಸಿತು, ಲಕ್ಷಾಂತರ ಜನರ ಪಾಲಿನ ವಿದ್ಯುತ್ತು ಇಳಿಯಿತು. ನಮ್ಮ ದಕ್ಷಿಣ ಕನ್ನಡ, ಉಡುಪಿಗಳ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹೋದದ್ದೂ ಭಾಷಣದಿಂದಲ್ಲ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ಸಿಂಡಿಕೇಟ್ ಬ್ಯಾಂಕಿನಂಥ ಬ್ಯಾಂಕುಗಳು ದೀಪಕ್ಕೆ ಸಾಲ ಕೊಡಲು ಮುಂದಾದವು. ಹಣ ಹೊಂದಿಸುವ ದಾರಿ ತೆರೆದಾಗ ಮನೆಯವರೇ ಕೇಳಿಕೊಂಡು ಬಂದರು.

ಶಾಲೆಯೊಂದರ ಲೆಕ್ಕ ಹಾಕೋಣ. 200 ಫ್ಯಾನುಗಳಿವೆ ಎನ್ನಿ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನು 30. ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ಓಡಿದರೆ ಉಳಿಯುವುದು 10,800 ಯೂನಿಟ್, ಇಂಗಾಲದಲ್ಲಿ ಹೇಳುವುದಾದರೆ ಏಳೂವರೆ ಟನ್. ಲೋಕಲಿನಲ್ಲಿ ನೇತಾಡುವ ಆ ಮನುಷ್ಯ ಇಡೀ ವರ್ಷ ಉಪವಾಸವಿದ್ದರೂ ಇದನ್ನು ಉಳಿಸಲಾರ. ಕಾರ್ಯಕಾರಿ ಸಮಿತಿಯ ಒಂದು ಸಂಜೆಯ ನಿರ್ಣಯಕ್ಕೆ ಆ ಬಲವಿದೆ.

ನಾಲ್ಕನೆಯದು ಅನುಭವಸ್ಥರ ಮಾತು: ಸಂಸ್ಥೆಗಳು ಮಾಡಿದ್ದನ್ನೂ ನೋಡಿದ್ದೇವೆ, ಟೆರೇಸು ಹತ್ತಿ ನೋಡಿ.

ಹತ್ತಿ ನೋಡಿದ್ದೇನೆ. ಠಾಣೆ, ಕಲ್ಯಾಣ-ಡೊಂಬಿವಲಿ ಪಾಲಿಕೆಗಳು ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ ಬಹಳ ವರ್ಷಗಳಾದವು. ಠಾಣೆಯಲ್ಲಿ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯನ್ನೂ ಇಟ್ಟರು. ಕೇಂದ್ರದ ಸೌರ ನಗರ ಯೋಜನೆಯಲ್ಲಿ ಈ ಎರಡೂ ಊರುಗಳ ಹೆಸರಿತ್ತು. ಐದು ವರ್ಷಗಳಲ್ಲಿ ಸಾಂಪ್ರದಾಯಿಕ ಇಂಧನದ ಬೇಡಿಕೆಯನ್ನು 10 ಶೇಕಡಾ ತಗ್ಗಿಸುವುದು ಅದರ ಗುರಿ. ಆದರೂ ಎಷ್ಟೋ ಕಟ್ಟಡಗಳಲ್ಲಿ ಕೊಳವೆಗಳು ಒಡೆದು, ಟಾಂಕಿ ತುಕ್ಕು ಹಿಡಿದು ಬಿದ್ದಿವೆ. ಬಿಲ್ಡರ್ ವಾಸಯೋಗ್ಯ ಪ್ರಮಾಣಪತ್ರ (ಓಸಿ) ಸಿಗುವ ಮಟ್ಟಿಗೆ ಹಾಕಿಸಿದ. ಸೊಸೈಟಿ ವಹಿಸಿಕೊಂಡಿತು, ನಿರ್ವಹಣೆಯ ಗುತ್ತಿಗೆ ನವೀಕರಿಸಲಿಲ್ಲ. ಕೆಳಗಿನ ಮಹಡಿಯವರಿಗೆ ಎರಡು ಬಕೆಟ್ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುತ್ತಿತ್ತು, ಅವರು ಗೀಸರಿಗೆ ಮರಳಿದರು. ಎರಡು ವರ್ಷದಲ್ಲಿ ಎಲ್ಲವೂ ಗುಜರಿ.

ಇಲ್ಲಿ ಸೋತದ್ದು ಯಾವುದು ಎಂದು ಸರಿಯಾಗಿ ನೋಡಬೇಕು. ಬಿಸಿಲು ಸೋಲಲಿಲ್ಲ, ಯಂತ್ರವೂ ಸೋಲಲಿಲ್ಲ. ನಮ್ಮ ಬೆಂಗಳೂರಿನ ಬಂಧುಗಳ ಮನೆ ಮಾಡುಗಳ ಮೇಲೆ ಇದೇ ಹೀಟರ್ ಹದಿನೈದು ವರ್ಷ ಬಾಳುತ್ತದೆ, ಏಕೆಂದರೆ ಅಲ್ಲಿ ನೀರು ಕಾಯದಿದ್ದರೆ ಕೇಳುವ ಒಬ್ಬ ಯಜಮಾನನಿದ್ದಾನೆ. ಅಲ್ಲಿಯ ವಿದ್ಯುತ್ ಕಂಪನಿ ಬೆಸ್ಕಾಂ ಹೀಟರ್ ಇದ್ದವರಿಗೆ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯನ್ನು ಪ್ರತಿ ತಿಂಗಳ ಬಿಲ್ಲಿನಲ್ಲೇ ತೋರಿಸುತ್ತಿತ್ತು. ಶಿರಡಿಯ ಸಂಸ್ಥಾನ 2009ರಲ್ಲಿ ಮಾಡಿನ ಮೇಲೆ 73 ಬಿಸಿಲು ತಟ್ಟೆಗಳನ್ನು ಕೂರಿಸಿ, ಆ ಹಬೆಯಿಂದ ಸಾವಿರಾರು ಭಕ್ತರಿಗೆ ಅಡುಗೆ ಮಾಡತೊಡಗಿತು. ಅಲ್ಲಿ ಯಂತ್ರ ನಿಂತರೆ ಅಂದಿನ ಅಡುಗೆಯ ಗ್ಯಾಸಿನ ಖರ್ಚೇ ಅದನ್ನು ಹೇಳುತ್ತದೆ. ಪ್ರತಿ ತಿಂಗಳು ನೋಡುವವರು ಬೇಕು. ಮಹಾಸಭೆಯಲ್ಲಿ ಯೂನಿಟ್ಟು ಓದಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಲೆಕ್ಕ ಕೇಳುವವರಿದ್ದರೆ ಹಾಳಾದ ಯಂತ್ರ ಎರಡು ವರ್ಷ ಬಿದ್ದಿರಲಾರದು.

ಏಸಿ ತಣ್ಣಗಿರದಿದ್ದರೆ ಮದುವೆಯವರು ನಮ್ಮ ಸಭಾಭವನ ಬಿಟ್ಟು ಹೋಗುತ್ತಾರೆ ಎಂಬ ಭಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 2020ರಿಂದ ಸ್ಟಾರ್ ಗುರುತಿನ ಏಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಉಳಿತಾಯ. ರೇಷ್ಮೆ ಸೀರೆ ಉಟ್ಟ ಹೆಂಗಸರು 18 ಡಿಗ್ರಿಯಲ್ಲಿ ಸೆರಗು ಹೊದ್ದು ಕೂರುವುದನ್ನು ಎಲ್ಲ ಸಭಾಭವನಗಳಲ್ಲೂ ಕಾಣುತ್ತೇವೆ.

ಕೊನೆಯದು ಅಪ್ಪಟ ನಮ್ಮ ಕಡೆಯ ಆಕ್ಷೇಪ: ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಲಿದೆ, ಈಗ ಯಾಕೆ ಖರ್ಚು? ಫ್ಯಾನುಗಳನ್ನು ಬಿಚ್ಚಿ ಹೊಸ ಕಟ್ಟಡಕ್ಕೆ ಒಯ್ಯಬಹುದು, ಸೋಲಾರ್ ಫಲಕಗಳನ್ನೂ ಇಳಿಸಬಹುದು. ಇನ್ನೂ ಎಂಟು ಹತ್ತು ವರ್ಷ ಕಾಯಬೇಕಾದ ಕಟ್ಟಡವಾದರೆ ಹಾಕಿದ ಹಣ ಅಷ್ಟರೊಳಗೆ ಬಂದಿರುತ್ತದೆ. ಮಳೆಗಾಲ ಕಳೆದೂ ಇಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1,200ರಿಂದ 1,400 ಯೂನಿಟ್ ಕೊಡುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸೊಸೈಟಿಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿಯ ಸಹಾಯಧನವೂ ಇದೆ. ನಿಜವಾಗಿಯೂ ಮುಂದಿನ ವರ್ಷವೇ ಕಟ್ಟಡ ಕೆಡವುವುದಾದರೆ, ಬಿಲ್ಡರನ ಜೊತೆ ಕರಾರು ಬರೆಯುವ ಈ ಹೊತ್ತೇ ಸರಿಯಾದ ಹೊತ್ತು. ಕಾರ್ಪೆಟ್ ಏರಿಯಾ, ಕಾರ್ಪಸ್ ಹಣಕ್ಕಾಗಿ ತಿಂಗಳುಗಟ್ಟಲೆ ಹೋರಾಡುವ ನಾವು ಇನ್ನೂ ಮೂರು ಷರತ್ತು ಸೇರಿಸೋಣ: ನೆರಳು ಬೀಳದ ಟೆರೇಸು ಫಲಕಗಳಿಗೆ ಮೀಸಲು, ಬಿಸಿನೀರಿನ ಕೊಳವೆಗೆ ಶಾಖ ಸೋರದ ಹೊದಿಕೆ, ಐದು ವರ್ಷದ ನಿರ್ವಹಣೆ ಬಿಲ್ಡರನದೇ.