ಕೆಟ್ಟಿದ್ದು ಲ್ಯಾಪ್‌ಟಾಪ್ ಅಲ್ಲ, ಕೇಳದೇ ಬಿಟ್ಟ ಒಂದು ಪ್ರಶ್ನೆ

ಕಾಲೇಜು ಸೇರಲು ಅರ್ಜಿ ಹಾಕುವ ಕೊನೆಯ ರಾತ್ರಿ. ನಮ್ಮ ಬಳಗದ ಗೆಳೆಯನೊಬ್ಬನ ತಂಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಅಣ್ಣನ ಫೋನಿನ ಹಾಟ್‌ಸ್ಪಾಟ್ ಆನ್ ಇದೆ. ಪಕ್ಕದ ಮನೆಯ ವೈಫೈ ಹೆಸರು ಕಾಣುತ್ತಿದೆ, ಕೈಯಳತೆಯಲ್ಲಿರುವ ಫೋನಿನ ಹೆಸರು ಮಾತ್ರ ಇಲ್ಲ! ಕೊನೆಗೆ ಫೋನಿನಲ್ಲೇ ಅರ್ಜಿ ತುಂಬಿ ಮುಗಿಸುವಾಗ ಹನ್ನೆರಡಕ್ಕೆ ಹತ್ತೇ ನಿಮಿಷ ಬಾಕಿ. ಮರುದಿನ ರಿಪೇರಿ ಅಂಗಡಿಯವರು, 'ವೈಫೈ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ' ಎಂದರು.

ಕಾರ್ಡ್ ಹೋಗಿರಲಿಲ್ಲ. ಹೋಗಿದ್ದರೆ ಪಕ್ಕದ ಮನೆಯ ಹೆಸರೂ ಕಾಣುತ್ತಿರಲಿಲ್ಲ. ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿತ್ತು. ಆ ಲ್ಯಾಪ್‌ಟಾಪಿಗೆ ಗೊತ್ತಿದ್ದದ್ದು 2.4 ಮಾತ್ರ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಬದಲಿಸಿದ ಕೂಡಲೇ ಹೆಸರು ಬಂತು. ಖರ್ಚು ಸೊನ್ನೆ.

ಎರಡೂ ವೈಫೈ ಓಡಾಡುವ ದಾರಿಗಳೇ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. 5 ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವೇ ಇಲ್ಲ. 'ನಿಮ್ಮ ಲ್ಯಾಪ್‌ಟಾಪಿಗೆ 5ಜಿ ಬರಲ್ಲ' ಎಂದು ಯಾರಾದರೂ ಹೆದರಿಸಿದರೆ, ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂದು ತಿರುಗಿ ಕೇಳಿ.

ನಮ್ಮ ತಕರಾರು ಇಷ್ಟೇ. ಲ್ಯಾಪ್‌ಟಾಪ್ ಮಾರುವವರು ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಬ್ಯಾಂಡಿನ ಮಾತೇ ಎತ್ತುವುದಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಫೋನಿನ ಹಾಟ್‌ಸ್ಪಾಟೇ ಇಂಟರ್ನೆಟ್. ಹಾಗಿರುವಾಗ ಬೆಲೆ ಚೀಟಿಯ ಮೇಲೆ ಇದನ್ನೂ ಬರೆಯಬೇಕು. ಬರೆಯುವ ತನಕ ನಾವೇ ನೋಡಿಕೊಳ್ಳಬೇಕು.

ಸುಲಭದ ದಾರಿ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಮ್ಮ ಫೋನಿನ ಹಾಟ್‌ಸ್ಪಾಟನ್ನು ಮೊದಲು 2.4ಕ್ಕೆ, ಆಮೇಲೆ 5ಕ್ಕೆ ಇಟ್ಟು ನೋಡಿ. ಎರಡರಲ್ಲೂ ಹೆಸರು ಕಂಡರೆ ಲ್ಯಾಪ್‌ಟಾಪಿಗೆ ಎರಡೂ ಬರುತ್ತವೆ.

ಫೋನಿನಲ್ಲಿ 5ರ ಆಯ್ಕೆ ಇಲ್ಲದಿದ್ದರೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಹೆಸರು ಓದಿ. 'ಡ್ಯುಯಲ್ ಬ್ಯಾಂಡ್' ಎಂದಿದ್ದರೆ ಎರಡೂ ಇದೆ. 802.11 ಅಂಕಿಯ ಪಕ್ಕ 'ಎಸಿ' ಎಂಬ ಎರಡಕ್ಷರ ಇದ್ದರೂ 5 ಸಿಗುತ್ತದೆ. ಬರೀ 'ಎನ್' ಇದ್ದರೆ ಹೇಳಲಾಗದು. 'ಎನ್' ಕಾರ್ಡುಗಳಲ್ಲಿ ಒಂದೇ ಬ್ಯಾಂಡಿನವೂ ಇವೆ, ಎರಡು ಬ್ಯಾಂಡಿನವೂ ಇವೆ. ಆಗ ಗೆಳೆಯರ ಫೋನು ತಂದು ಮೊದಲು ಹೇಳಿದ ಪರೀಕ್ಷೆಯನ್ನೇ ಮಾಡಿ.

2.4 ಮಾತ್ರ ಇರುವ ಲ್ಯಾಪ್‌ಟಾಪ್ ಕೆಲಸಕ್ಕೆ ಬಾರದ್ದು ಅಂತಲ್ಲ. ಅರ್ಜಿ ತುಂಬಲು, ಪಾಠ ಓದಲು ಅದು ಸಾಕು. ದಪ್ಪ ಗೋಡೆಯ ಮನೆಯಲ್ಲಿ ಪಡಸಾಲೆಯಿಂದ ಒಳಕೋಣೆಗೆ ಸಿಗ್ನಲ್ ಮುಟ್ಟಲು ಅದೇ ಮೇಲು. 5 ಬೇಕೇ ಬೇಕು ಎನ್ನುವವರು ಯುಎಸ್‌ಬಿಗೆ ಸಿಕ್ಕಿಸುವ ಡ್ಯುಯಲ್ ಬ್ಯಾಂಡ್ ಅಡಾಪ್ಟರ್ ಹಾಕಿಕೊಳ್ಳಬಹುದು. ಅದಕ್ಕಾಗಿ ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ.

ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಜನ ನಾವು. ಸಾಲ ಮಾಡಿ ಮಕ್ಕಳಿಗೆ ಲ್ಯಾಪ್‌ಟಾಪ್ ತರುವಾಗ ಸಂಕೋಚ ಯಾಕೆ? 'ಇದಕ್ಕೆ ಯಾವ ಯಾವ ಬ್ಯಾಂಡ್ ಬರುತ್ತೆ? ತೋರಿಸಿ' ಎಂದು ಕೇಳಿ. ತೋರಿಸಿದ ಮೇಲೆ ದುಡ್ಡು ಕೊಡಿ.